ಗೆಣಸು ಥಾಯ್ಲೆಂಡಿನದು, ಬೆಲೆ ಮೆಕ್ಕೆಜೋಳದ್ದು

(ರೈತರು ಮತ್ತು ಕೃಷಿ ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಜಗತ್ತಿನಲ್ಲಿ ಮರಗೆಣಸನ್ನು ಅತಿ ಹೆಚ್ಚು ಬೆಳೆಯುವ ದೇಶ ನೈಜೀರಿಯಾ. ವರ್ಷಕ್ಕೆ ಸುಮಾರು 6 ಕೋಟಿ ಟನ್ ಗೆಡ್ಡೆ. ಆದರೆ ಅದರಲ್ಲಿ ಹಡಗು ಹತ್ತುವುದು ತೀರಾ ಕಮ್ಮಿ. ಗಾರಿ, ಫುಫು ಎಂಬ ತಿನಿಸು ಮಾಡಿಕೊಂಡು ಅಲ್ಲಿನ ಜನರೇ ತಿನ್ನುತ್ತಾರೆ. ಥಾಯ್ಲೆಂಡ್ ಬೆಳೆಯುವುದು ಅದರ ಅರ್ಧದಷ್ಟು, 3 ಕೋಟಿ ಟನ್ ಆಸುಪಾಸು. ಆದರೂ ಮರಗೆಣಸಿನ ಒಣ ಚಿಪ್ಸ್ (ಹೆಚ್ಚಿ ಒಣಗಿಸಿದ ತುಂಡು), ಪೆಲೆಟ್ (ಒತ್ತಿ ಮಾಡಿದ ಗುಳಿಗೆ), ಸ್ಟಾರ್ಚ್ (ಪಿಷ್ಟ) ಮಾರುವುದರಲ್ಲಿ ದಶಕಗಳಿಂದ ಅದೇ ಮೊದಲು. 2022ರಲ್ಲಿ ಅಲ್ಲಿಂದ 1 ಕೋಟಿ ಟನ್ನಿಗೂ ಜಾಸ್ತಿ ಮಾಲು ಹೊರದೇಶಗಳಿಗೆ ಹೋಯಿತು.

ಇಲ್ಲೊಂದು ವಿಷಯ ಗಮನಿಸಿ. ಥಾಯ್ ಜನರ ಊಟ ಅನ್ನ. ಮರಗೆಣಸು ಅವರ ತಟ್ಟೆಗೆ ಬರುವುದು ಸಿಹಿತಿಂಡಿಯಾಗಿ, ಅದೂ ಆಗೊಮ್ಮೆ ಈಗೊಮ್ಮೆ. ಸುಮಾರು 35ರಿಂದ 40 ಲಕ್ಷ ಎಕರೆಯಲ್ಲಿ, 5 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಬೆಳೆಯುವ ಬೆಳೆಯನ್ನು ಆ ದೇಶ ಹೆಚ್ಚು ಕಡಿಮೆ ಪೂರ್ತಿಯಾಗಿ ಕಾರ್ಖಾನೆಗಾಗಿ, ಹೊರಗಿನ ಗಿರಾಕಿಗಾಗಿ ಬೆಳೆಯುತ್ತದೆ. ಬೆಲೆ ಬಿದ್ದಾಗ ಮನೆಗಾದರೂ ಆಯಿತು ಎಂದು ಇಟ್ಟುಕೊಳ್ಳುವ ಬೆಳೆ ಇದಲ್ಲ.

ಹಾಗಾದರೆ ಬೆಲೆ ಕಟ್ಟುವವರು ಯಾರು? ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಇದೇ. ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಥಾಯ್ ಗೆಣಸಿನ ಬೆಲೆಯನ್ನು ಏರಿಸಿದ್ದೂ ಬೀಳಿಸಿದ್ದೂ ಬಹುಪಾಲು ಬೇರೆ ದೇಶಗಳ ಧಾನ್ಯದ ಬೆಲೆ. ಮೊದಲು ಯುರೋಪಿನ ಬಾರ್ಲಿ, ಗೋಧಿ. ಆಮೇಲೆ ಚೀನಾದ ಮೆಕ್ಕೆಜೋಳ.

ಮರಗೆಣಸು ದಕ್ಷಿಣ ಅಮೆರಿಕದ ಗಿಡ. ಥಾಯ್ಲೆಂಡಿನಲ್ಲಿ ಅದು ಮೊದಲು ದಕ್ಷಿಣದ ತುದಿಯಲ್ಲಿ, ರಬ್ಬರ್ ಸಾಲುಗಳ ನಡುವೆ ಬೆಳೆಯುತ್ತಿತ್ತು. ಆಮೇಲೆ ಪೂರ್ವ ಕರಾವಳಿಯ ಚೋನ್‌ಬುರಿ, ರಯೋಂಗ್ ಕಡೆಗೆ ಬಂತು. ಅಲ್ಲಿ ಸ್ಟಾರ್ಚ್ ಕಾರ್ಖಾನೆಗಳು ಎದ್ದವು. ಕೊನೆಗೆ ಅದು ನೆಲೆ ನಿಂತದ್ದು ಈಶಾನ್ಯದ ಇಸಾನ್ ಸೀಮೆಯಲ್ಲಿ. ಅಲ್ಲಿ ಮರಳು ಮಣ್ಣು, ಸಾರ ಕಮ್ಮಿ, ಮಳೆ ನಂಬುವ ಹಾಗಿಲ್ಲ. ಭತ್ತ ಕೈಕೊಡುವ ದಿಣ್ಣೆ ನೆಲದಲ್ಲೂ ಗೆಣಸಿನ ಕಡ್ಡಿ ನೆಟ್ಟರೆ ಏನೋ ಒಂದಷ್ಟು ಕೈಗೆ ಬರುತ್ತಿತ್ತು. 1958ರಲ್ಲಿ ಅಮೆರಿಕದ ನೆರವಿನಿಂದ ಸರಬುರಿಯಿಂದ ನಖೋನ್ ರಾಚಸೀಮಾಕ್ಕೆ ಮಿತ್ರಫಾಪ್ ಹೆದ್ದಾರಿ ಆಯಿತು. ನಖೋನ್ ರಾಚಸೀಮಾವನ್ನು ಜನ ಕೊರಾಟ್ ಎನ್ನುತ್ತಾರೆ. ಇವತ್ತಿಗೂ ದೇಶದಲ್ಲಿ ಅತಿ ಹೆಚ್ಚು ಗೆಣಸು ಬೆಳೆಯುವ ಪ್ರಾಂತ್ಯ ಅದೇ. ರಸ್ತೆ ಬಂದ ಮೇಲೆ ಕಾಡು ಕಡಿದು ಹೊಲ ಮಾಡುವುದು ಜೋರಾಯಿತು. 1960ರ ಆಸುಪಾಸಿನಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ನೆಲ ಕಾಡಾಗಿತ್ತು. 1989ರ ಜನವರಿಯಲ್ಲಿ ಸರ್ಕಾರ ಮರ ಕಡಿಯುವುದನ್ನು ನಿಷೇಧಿಸುವ ಹೊತ್ತಿಗೆ ಅದು ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿದಿತ್ತು. ಇದಕ್ಕೆಲ್ಲ ಮರಗೆಣಸೊಂದೇ ಕಾರಣ ಎಂದರೆ ಅನ್ಯಾಯ. ಅದರ ಪಾಲಂತೂ ಇದೆ.

ಈಗ ಯುರೋಪಿಗೆ ಬರೋಣ. ಕಥೆಯ ಬೇರು ಇರುವುದು ಅಲ್ಲಿ.

ಯುರೋಪಿಯನ್ ಆರ್ಥಿಕ ಸಮುದಾಯ, ಅಂದರೆ ಇಂದಿನ ಯುರೋಪ್ ಒಕ್ಕೂಟದ ಹಳೆಯ ರೂಪ, 1960ರ ದಶಕದಲ್ಲಿ ತನ್ನ ರೈತರನ್ನು ಉಳಿಸಿಕೊಳ್ಳಲು ಧಾನ್ಯದ ಬೆಲೆಯನ್ನು ಜಗತ್ತಿನ ಬೆಲೆಗಿಂತ ಎಷ್ಟೋ ಮೇಲೆ ಕಟ್ಟಿ ನಿಲ್ಲಿಸಿತು. ಹೊರಗಿನ ಧಾನ್ಯ ಅಗ್ಗವಾಗಿ ನುಗ್ಗದಂತೆ ದೊಡ್ಡ ತೆರಿಗೆ ಹಾಕಿತು. ಆದರೆ ಒಂದು ಬಾಗಿಲು ಮುಚ್ಚುವುದನ್ನು ಮರೆತಿತು. 1968ರಲ್ಲಿ ಗ್ಯಾಟ್ ಎಂಬ ಜಾಗತಿಕ ವ್ಯಾಪಾರ ಒಪ್ಪಂದದಡಿ ಒಣ ಮರಗೆಣಸಿನ ಮೇಲಿನ ಸುಂಕ ಶೇ. 6 ಮೀರುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟಿತ್ತು. ಸೋಯಾ ಹಿಂಡಿಗಂತೂ ಸುಂಕವೇ ಇರಲಿಲ್ಲ. ಆಗ ಅವೆರಡೂ ಯಾರಿಗೂ ದೊಡ್ಡ ವಿಷಯ ಅನ್ನಿಸಿರಲಿಲ್ಲ.

ನೆದರ್ಲೆಂಡ್ಸ್, ಜರ್ಮನಿಯ ಪಶು ಆಹಾರದವರು ಲೆಕ್ಕ ಹಾಕಿದರು. ಗೆಣಸಿನಲ್ಲಿ ಶಕ್ತಿ ಇದೆ, ಪ್ರೋಟೀನ್ ಇಲ್ಲ. ಸೋಯಾದಲ್ಲಿ ಪ್ರೋಟೀನ್ ಇದೆ. ಎರಡನ್ನೂ ಸರಿಯಾಗಿ ಬೆರೆಸಿದರೆ ಹಂದಿಗೆ ಬಾರ್ಲಿ ಹಾಕಿದಷ್ಟೇ ಆಯಿತು, ಖರ್ಚು ಮಾತ್ರ ಎಷ್ಟೋ ಕಮ್ಮಿ. ಥಾಯ್ಲೆಂಡಿನಿಂದ ರಾಟರ್‌ಡ್ಯಾಮ್ ಬಂದರಿಗೆ ಹಡಗುಗಳು ಸಾಲುಗಟ್ಟಿದವು. 1978ರ ಹೊತ್ತಿಗೆ ಯುರೋಪ್ ವರ್ಷಕ್ಕೆ ಸುಮಾರು 60 ಲಕ್ಷ ಟನ್ ಒಣ ಮರಗೆಣಸು ತರಿಸಿಕೊಳ್ಳುತ್ತಿತ್ತು, ಅದರಲ್ಲಿ ಹೆಚ್ಚಿನದು ಥಾಯ್ಲೆಂಡಿನದೇ. ಇಸಾನ್‌ನ ಬಡ ರೈತನ ಗೆಣಸಿಗೆ ಗಿರಾಕಿ ಸಿಕ್ಕಿದ್ದು ಯುರೋಪಿನ ರೈತನ ಬಾರ್ಲಿ ದುಬಾರಿಯಾಗಿದ್ದರಿಂದ.

ಮಾಲಿನ ರೂಪವೂ ಈ ಗಿರಾಕಿಗೆ ತಕ್ಕಂತೆ ಬದಲಾಯಿತು. ಮೊದಲು ಬರೀ ಚಿಪ್ಸ್ ಹೋಗುತ್ತಿತ್ತು. ಅದು ಹಗುರ, ಹಡಗಿನಲ್ಲಿ ಜಾಗ ತಿನ್ನುತ್ತಿತ್ತು. ಹಾಗಾಗಿ ಯಂತ್ರದಲ್ಲಿ ಒತ್ತಿ ಪೆಲೆಟ್ ಮಾಡಿದರು. ಆ ಪೆಲೆಟ್ ಮೆತ್ತಗಿತ್ತು, ಇಳಿಸುವಾಗ ಪುಡಿಯಾಗಿ ಧೂಳೆಬ್ಬಿಸುತ್ತಿತ್ತು. ರಾಟರ್‌ಡ್ಯಾಮ್ ಸುತ್ತಮುತ್ತ ಧೂಳಿನದೇ ದೂರು. ಆಮೇಲೆ ಹಬೆ ಕೊಟ್ಟು ಬಿಗಿಯಾಗಿ ಒತ್ತಿದ ಗಟ್ಟಿ ಪೆಲೆಟ್ ಬಂತು. ಥಾಯ್ ವ್ಯಾಪಾರದ ಶಕ್ತಿ ನನಗೆ ಕಾಣುವುದು ಇಂಥ ಕಡೆ. ಗಿರಾಕಿ ಕೇಳಿದ ರೂಪಕ್ಕೆ ಮಾಲನ್ನು ತರುವುದು, ಅದಕ್ಕೆ ಬೇಕಾದ ಯಂತ್ರ, ಗೋದಾಮು, ದೋಣಿ ಎಲ್ಲವನ್ನೂ ಬೇಗ ಕಟ್ಟಿಕೊಳ್ಳುವುದು. ಅಯುತ್ಥಯಾ ಕಡೆಯಿಂದ ಚಾವೊ ಫ್ರಾಯಾ ನದಿಯಲ್ಲಿ ದೋಣಿಗಳಲ್ಲಿ ಮಾಲು ಇಳಿದು ಬರುತ್ತದೆ, ಕೊ ಸಿಚಾಂಗ್ ದ್ವೀಪದ ಪಕ್ಕ ಲಂಗರು ಹಾಕಿದ ದೊಡ್ಡ ಹಡಗುಗಳಿಗೆ ಏರುತ್ತದೆ.

ಯುರೋಪಿನ ಧಾನ್ಯ ಬೆಳೆಗಾರರು ಸುಮ್ಮನಿರಲಿಲ್ಲ. ತಮ್ಮ ಬಾರ್ಲಿ ಗೋದಾಮಿನಲ್ಲಿ ಬಿದ್ದಿರುವಾಗ ಹಂದಿಗಳು ಹೊರದೇಶದ ಗೆಣಸು ತಿನ್ನುತ್ತಿವೆ ಎಂದು ಗಲಾಟೆ ಮಾಡಿದರು. ಸುಂಕ ಏರಿಸುವಂತಿಲ್ಲ, ಮಾತು ಕೊಟ್ಟಾಗಿದೆ. ಹಾಗಾಗಿ 1982ರಲ್ಲಿ ಥಾಯ್ಲೆಂಡನ್ನು ಕೂರಿಸಿಕೊಂಡು, ನೀವಾಗಿಯೇ ಕಡಿಮೆ ಕಳಿಸಿ ಎಂಬ ಒಪ್ಪಂದ ಮಾಡಿಕೊಂಡರು. ಅದಕ್ಕಿಟ್ಟ ಹೆಸರು ಸ್ವಯಂಪ್ರೇರಿತ ರಫ್ತು ನಿರ್ಬಂಧ. ಮೊದಲು ವರ್ಷಕ್ಕೆ ಸುಮಾರು 50 ಲಕ್ಷ ಟನ್, ಆಮೇಲೆ 45 ಲಕ್ಷ. 1987ರಿಂದ ನಾಲ್ಕು ವರ್ಷಕ್ಕೆ ಒಟ್ಟು 2 ಕೋಟಿ 10 ಲಕ್ಷ ಟನ್. ಬದಲಿಗೆ ಈಶಾನ್ಯದ ರೈತರು ಬೇರೆ ಬೆಳೆಗೆ ಹೋಗಲು ಯುರೋಪ್ ನೆರವು ಕೊಡುತ್ತದೆ ಎಂದಾಯಿತು.

ಕೋಟಾ ಬಂದ ಮೇಲೆ ಅದನ್ನು ಹಂಚುವುದೇ ದೊಡ್ಡ ವ್ಯಾಪಾರವಾಯಿತು. ಸ್ವಲ್ಪ ಕಾಲ ಯಾರ ಗೋದಾಮಿನಲ್ಲಿ ಎಷ್ಟು ದಾಸ್ತಾನು ಇದೆಯೋ ಅವರಿಗೆ ಅಷ್ಟು ಕೋಟಾ ಎಂಬ ನಿಯಮವಿತ್ತು. ಎಲ್ಲರೂ ಗೋದಾಮು ಕಟ್ಟಲು ಓಡಿದರು. ಅದರ ಜೊತೆಗೆ ಇನ್ನೊಂದು ನಿಯಮ: ಯುರೋಪ್ ಬಿಟ್ಟು ಬೇರೆ ದೇಶಕ್ಕೆ ಮಾರಿದರೆ, ಮಾರಿದ್ದಕ್ಕೆ ತಕ್ಕಂತೆ ಯುರೋಪಿಗೆ ಕಳಿಸುವ ಹಕ್ಕು ಬೋನಸ್ಸಾಗಿ ಸಿಗುತ್ತದೆ. ವ್ಯಾಪಾರಿಗಳು ದಕ್ಷಿಣ ಕೊರಿಯಾ, ಸೋವಿಯತ್ ಒಕ್ಕೂಟದಂಥ ಕಡೆ ನಷ್ಟಕ್ಕಾದರೂ ಮಾರಿದರು. ಆ ನಷ್ಟವನ್ನು ಯುರೋಪಿನ ಒಳ್ಳೆ ಬೆಲೆಯಲ್ಲಿ ತುಂಬಿಕೊಂಡರು. ಒಂದೇ ಮಾಲಿಗೆ ಎರಡು ಬೆಲೆ. ಕೋಟಾ ಕೈಯಲ್ಲಿದ್ದವರಿಗೆ ಲಾಭ ನಿಂತಿತು. ಹೊಲದಲ್ಲಿದ್ದವರಿಗೆ ಅದರಲ್ಲಿ ಎಷ್ಟು ಬಂತು ಎಂದು ಕೇಳಿದರೆ ಉತ್ತರ ಸಂಕಟದ್ದು. ರೈತನ ಹತ್ತಿರ ಗೋದಾಮೂ ಇರಲಿಲ್ಲ, ರಫ್ತು ಲೈಸೆನ್ಸೂ ಇರಲಿಲ್ಲ. ನಮ್ಮ ಮಂಡಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈ ವ್ಯಾಪಾರದ ಇನ್ನೊಂದು ಮಗ್ಗುಲು ನನ್ನನ್ನು ಬಹಳ ಕಾಡುತ್ತದೆ. ಗೆಡ್ಡೆ ಕಿತ್ತಾಗ ಅದರ ಜೊತೆ ಮಣ್ಣಿನ ಪೊಟ್ಯಾಷ್ ಹೋಗುತ್ತದೆ. ಗೊಬ್ಬರ ಹಾಕದೆ ವರ್ಷ ವರ್ಷ ಗೆಣಸೇ ನೆಟ್ಟರೆ ಇಸಾನ್‌ನ ಮರಳು ಮಣ್ಣು ಬಡವಾಗುತ್ತಲೇ ಹೋಗುತ್ತದೆ. ಅದೇ ಹೊತ್ತಿಗೆ ನೆದರ್ಲೆಂಡ್ಸಿನಲ್ಲಿ ಹಂದಿ ಗೊಬ್ಬರ ಹೊಲಕ್ಕೆ ಹಿಡಿಸದಷ್ಟು ಆಗಿ ನೀರು ಕೆಡತೊಡಗಿತು. 1984ರಲ್ಲಿ ಅಲ್ಲಿನ ಸರ್ಕಾರ ಹಂದಿ, ಕೋಳಿ ಸಾಕಣೆ ಬೆಳೆಯದಂತೆ ಕಾನೂನು ತರಬೇಕಾಯಿತು. ಒಂದು ಕಡೆ ಮಣ್ಣಿಗೆ ಸಾರ ಸಾಲದು, ಇನ್ನೊಂದು ಕಡೆ ಸಾರವೇ ಜಾಸ್ತಿಯಾಗಿ ತೊಂದರೆ. ನಡುವೆ ಹಡಗು ಓಡಾಡುತ್ತಿತ್ತು. ರಫ್ತಿನ ಅಂಕಿ ಅಂಶಗಳಲ್ಲಿ ಈ ಲೆಕ್ಕ ಎಲ್ಲೂ ಸಿಗುವುದಿಲ್ಲ.

1992ರಲ್ಲಿ ಯುರೋಪ್ ತನ್ನ ಕೃಷಿ ನೀತಿಯನ್ನೇ ಬದಲಿಸಿತು. ಧಾನ್ಯದ ಬೆಂಬಲ ಬೆಲೆಯನ್ನು ಮೂರು ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗ ಇಳಿಸಿತು. ಬಾರ್ಲಿ ಅಗ್ಗವಾಯಿತು. ಹಂದಿಗೆ ಮತ್ತೆ ಬಾರ್ಲಿ. ಕೆಲವೇ ವರ್ಷಗಳಲ್ಲಿ ಪೆಲೆಟ್ ವ್ಯಾಪಾರ ಕರಗಿತು. ಇಸಾನ್‌ನ ರೈತ ಏನೂ ತಪ್ಪು ಮಾಡಿರಲಿಲ್ಲ. ಇಳುವರಿ ಕಮ್ಮಿ ಆಗಿರಲಿಲ್ಲ, ಮಾಲೂ ಕೆಟ್ಟಿರಲಿಲ್ಲ. ಯುರೋಪ್ ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ನಲ್ಲಿ ಒಂದು ಸಹಿ ಬಿತ್ತು, ಅಷ್ಟೇ.

ಬೇರೆ ದೇಶವಾಗಿದ್ದರೆ ಆ ಬೆಳೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಥಾಯ್ಲೆಂಡ್ ಎರಡು ಕೆಲಸ ಮಾಡಿತು. ಒಂದು, ಸ್ಟಾರ್ಚ್ ಕಡೆಗೆ ತಿರುಗಿತು. ಕಾಗದ, ಬಟ್ಟೆ, ಅಂಟು, ಸಿಹಿ ಸಿರಪ್, ಅಜಿನೊಮೊಟೊ ಎಂದು ನಾವು ಕರೆಯುವ ರುಚಿಪುಡಿ, ನೂಡಲ್ಸ್, ಬಬಲ್ ಟೀಯ ಮುತ್ತುಗಳು, ಎಲ್ಲದಕ್ಕೂ ಈ ಸ್ಟಾರ್ಚ್ ಬೇಕು. ಜಪಾನ್, ತೈವಾನ್, ಇಂಡೋನೇಷ್ಯಾ, ಚೀನಾ ಗಿರಾಕಿಗಳಾದರು. ಗುಣ ಮಾರ್ಪಡಿಸಿದ ಸ್ಟಾರ್ಚ್‌ಗೆ ಬೆಲೆಯೂ ಹೆಚ್ಚು.

ಎರಡನೆಯದು ತಳಿ. 1992ರಲ್ಲೇ ಕಸೆಟ್ಸಾರ್ಟ್ ವಿಶ್ವವಿದ್ಯಾಲಯ ಕಸೆಟ್ಸಾರ್ಟ್ 50 ಎಂಬ ತಳಿಯನ್ನು ಬಿಡುಗಡೆ ಮಾಡಿತು. ಕೊಲಂಬಿಯಾದಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಕೇಂದ್ರದ ತಳಿ ವಿಜ್ಞಾನಿ ಕಜುವೊ ಕವಾನೊ ಥಾಯ್ ವಿಜ್ಞಾನಿಗಳ ಜೊತೆ ವರ್ಷಗಟ್ಟಲೆ ಕೂತು ದುಡಿದಿದ್ದರು. ಇಳುವರಿ ಜಾಸ್ತಿ, ಗೆಡ್ಡೆಯಲ್ಲಿ ಸ್ಟಾರ್ಚೂ ಜಾಸ್ತಿ. ಕಡ್ಡಿಯಿಂದ ಕಡ್ಡಿಗೆ, ರೈತನಿಂದ ರೈತನಿಗೆ ಅದು ಹರಡಿತು. ವಿಯೆಟ್ನಾಂಗೂ ಹೋಯಿತು, ಅಲ್ಲಿ ಅದರ ಹೆಸರು ಕೆಎಂ 94. ಇವತ್ತು ರಫ್ತಿನಲ್ಲಿ ಥಾಯ್ಲೆಂಡಿಗೆ ಮುಖ್ಯ ಪೈಪೋಟಿ ವಿಯೆಟ್ನಾಂನದ್ದು. ಒಂದೇ ತಳಿ ಎರಡೂ ದೇಶಗಳ ಲಕ್ಷಾಂತರ ಬಡ ಕುಟುಂಬಗಳ ಆದಾಯ ಏರಿಸಿತು. ಬೀಜ, ಕಡ್ಡಿ ಹೀಗೆ ಗಡಿ ದಾಟಿ ಹೋಗುವುದನ್ನು ನಾನು ತುಂಬು ಮನಸ್ಸಿನಿಂದ ಮೆಚ್ಚುತ್ತೇನೆ.

ಸ್ಟಾರ್ಚ್ ಅಂಶ ಯಾಕೆ ಅಷ್ಟು ಮುಖ್ಯ ಎಂಬುದು ಕಾರ್ಖಾನೆಯ ಗೇಟಿನಲ್ಲಿ ಗೊತ್ತಾಗುತ್ತದೆ. ಲಾರಿ ಬಂದ ಕೂಡಲೇ ರಾಶಿಯಿಂದ ಗೆಡ್ಡೆ ಆರಿಸಿ, ಸರಿಯಾಗಿ 5 ಕೆಜಿ ತೂಗುತ್ತಾರೆ. ಆಮೇಲೆ ಅದೇ ಗೆಡ್ಡೆಯನ್ನು ಬುಟ್ಟಿಯಲ್ಲಿಟ್ಟು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮತ್ತೆ ತೂಗುತ್ತಾರೆ. ರೈಮನ್ ತಕ್ಕಡಿ ಎಂದು ಅದಕ್ಕೆ ಹೆಸರು. ಸ್ಟಾರ್ಚ್ ನೀರಿಗಿಂತ ಭಾರ. ಹಾಗಾಗಿ ನೀರೊಳಗೆ ಎಷ್ಟು ಹೆಚ್ಚು ತೂಗುತ್ತದೋ ಅಷ್ಟು ಸ್ಟಾರ್ಚ್ ಇದೆ ಎಂದರ್ಥ. ಬೆಲೆ ಹೇಳುವುದು ಶೇ. 25, ಇಲ್ಲವೇ ಶೇ. 30 ಸ್ಟಾರ್ಚ್ ಇರುವ ಗೆಡ್ಡೆಗೆ. ಒಂದೊಂದು ಅಂಶ ಕಮ್ಮಿಯಾದಂತೆ ಕೆಜಿಗೆ ಇಷ್ಟಿಷ್ಟು ಎಂದು ಕಳೆಯುತ್ತಾರೆ. ಮಳೆಗಾಲದಲ್ಲಿ ಕಿತ್ತರೆ ಅಂಶ ಇಳಿಯುತ್ತದೆ. ಸಾಲ ತೀರಿಸುವ ಆತುರಕ್ಕೆ ಬಲಿಯುವ ಮೊದಲೇ ಕಿತ್ತರೂ ಇಳಿಯುತ್ತದೆ. ಒಂದು ಕಿಲೋ ಸ್ಟಾರ್ಚ್ ಬರಬೇಕಾದರೆ ನಾಲ್ಕು, ನಾಲ್ಕೂವರೆ ಕಿಲೋ ಹಸಿ ಗೆಡ್ಡೆ ಬೇಕು. ಕಿತ್ತ ಒಂದೆರಡು ದಿನದಲ್ಲೇ ಗೆಡ್ಡೆಯ ಒಳಗೆ ನೀಲಿ ಕಪ್ಪು ಗೀರು ಕಾಣಿಸಿ ಕೆಡಲು ಶುರುವಾಗುತ್ತದೆ. ಗೇಟಿನ ಮುಂದೆ ನಿಂತ ಲಾರಿಯ ರೈತ ಬೆಲೆ ಸರಿಯಿಲ್ಲ ಎಂದು ವಾಪಸ್ ಹೋಗುವ ಹಾಗಿಲ್ಲ.

ಸ್ಟಾರ್ಚ್ ಕಾರ್ಖಾನೆ ದೂರವಿದ್ದ ಕಡೆ ಚಿಪ್ಸ್ ಕಣಗಳಿವೆ. ಎಕರೆಗಟ್ಟಲೆ ಕಾಂಕ್ರೀಟ್ ನೆಲ. ಗೆಡ್ಡೆಯನ್ನು ಯಂತ್ರದಲ್ಲಿ ಹೆಚ್ಚಿ ಹರಡುತ್ತಾರೆ, ಟ್ರ್ಯಾಕ್ಟರ್ ದಿನಕ್ಕೆ ಹಲವು ಸಲ ತಿರುವಿ ಹಾಕುತ್ತದೆ. ಒಳ್ಳೆ ಬಿಸಿಲಿದ್ದರೆ ಎರಡು ಮೂರು ದಿನ ಸಾಕು. ಮೋಡ ಕಂಡರೆ ರಾಶಿ ಮಾಡಿ ಟಾರ್ಪಾಲ್ ಮುಚ್ಚಬೇಕು. ಡಿಸೆಂಬರ್‌ನಿಂದ ಮಾರ್ಚ್ ತನಕ ಗೆಡ್ಡೆ ಕೀಳುವ ಭರಾಟೆಯೂ ಬಿಸಿಲೂ ಒಟ್ಟಿಗೇ ಬರುವುದು ಆ ದೇಶದ ಅದೃಷ್ಟ.

ಈ ಚಿಪ್ಸ್‌ಗೆ ಹೊಸ ಗಿರಾಕಿಯಾಗಿ ಬಂದದ್ದು ಚೀನಾ. 2003ರ ಅಕ್ಟೋಬರ್‌ನಿಂದ ಥಾಯ್ಲೆಂಡ್, ಚೀನಾ ನಡುವೆ ಹಣ್ಣು ತರಕಾರಿಗೆ ಸುಂಕ ರದ್ದಾಯಿತು. ಸುಂಕದ ಪುಸ್ತಕದಲ್ಲಿ ಒಣ ಮರಗೆಣಸು ಬರುವುದು ತರಕಾರಿಯ ಅಧ್ಯಾಯದಲ್ಲೇ. ಚೀನಾ ಅದರಿಂದ ಆಲ್ಕೋಹಾಲ್ ಮಾಡಿತು, ಸಿಟ್ರಿಕ್ ಆಸಿಡ್ ಮಾಡಿತು. ತನ್ನ ರೈತರಿಗಾಗಿ ಚೀನಾ ಸರ್ಕಾರ ಮೆಕ್ಕೆಜೋಳವನ್ನು ಹೆಚ್ಚಿನ ಬೆಲೆಗೆ ಕೊಂಡು ದಾಸ್ತಾನು ಮಾಡುತ್ತಿತ್ತು. ಹಾಗಾಗಿ ಅಲ್ಲಿನ ಡಿಸ್ಟಿಲರಿಗಳಿಗೆ ಜೋಳಕ್ಕಿಂತ ಥಾಯ್ ಚಿಪ್ಸ್ ಅಗ್ಗ. 2015ರಲ್ಲಿ ಚೀನಾ 90 ಲಕ್ಷ ಟನ್ನಿಗೂ ಹೆಚ್ಚು ಚಿಪ್ಸ್ ತರಿಸಿಕೊಂಡಿತು. 2016ರಲ್ಲಿ ಆ ಜೋಳ ಖರೀದಿ ನೀತಿಯನ್ನು ಕೈಬಿಟ್ಟಿತು. ಜೋಳದ ಬೆಲೆ ಬಿತ್ತು, ಚಿಪ್ಸ್‌ಗೆ ಬೇಡಿಕೆ ಬಿತ್ತು, ಕೊರಾಟ್‌ನ ಗೆಡ್ಡೆಯ ಬೆಲೆಯೂ ಬಿತ್ತು. ಬ್ರಸೆಲ್ಸ್ ಇದ್ದ ಜಾಗದಲ್ಲಿ ಬೀಜಿಂಗ್.

ಮುಂದೆಯೂ ಅದೇ. 2020ರ ನಂತರ ಜೋಳ ದುಬಾರಿಯಾದಾಗ ಚಿಪ್ಸ್‌ಗೆ ಒಳ್ಳೆ ಕಾಲ ಬಂತು, 2023ರಲ್ಲಿ ಹಸಿ ಗೆಡ್ಡೆ ಕೆಜಿಗೆ 3 ಬಾತ್ (ಥಾಯ್ ಹಣ) ದಾಟಿತ್ತು. 2024ರಲ್ಲಿ ಚೀನಾದಲ್ಲಿ ಜೋಳ ಮತ್ತೆ ಅಗ್ಗವಾಯಿತು, ಚಿಪ್ಸ್ ರಫ್ತು ಕುಸಿಯಿತು. ಗೆಡ್ಡೆ 2 ಬಾತ್ ಆಸುಪಾಸಿಗೆ, ಎಷ್ಟೋ ಕಡೆ ಅದಕ್ಕೂ ಕೆಳಗೆ ಇಳಿಯಿತು. 2019ರಲ್ಲಿ ಸರ್ಕಾರ ಕೆಜಿಗೆ 2.50 ಬಾತ್, ಅಂದರೆ ನಮ್ಮ ಆರು ರೂಪಾಯಿ ಆಸುಪಾಸು, ಖಾತ್ರಿ ಬೆಲೆ ಕೊಟ್ಟಿತ್ತು. ಅಂಥ ಯೋಜನೆಗಳು ರೈತನನ್ನು ಒಂದೆರಡು ವರ್ಷ ದಾಟಿಸುತ್ತವೆ. ಗಿರಾಕಿಯನ್ನು ತಂದುಕೊಡುವುದಿಲ್ಲ.

ಬೆಲೆಯ ಮೇಲೆ ರೈತನ ಕೈ ಇಲ್ಲ ಎಂದೆ. ಇನ್ನೆರಡು ಹೊಡೆತ ಹೊಲದಿಂದಲೇ ಬಂದವು. 2008ರಲ್ಲಿ ಗುಲಾಬಿ ಬಣ್ಣದ ಹಿಟ್ಟುತಿಗಣೆ ಕಾಣಿಸಿಕೊಂಡಿತು. ಚಿಗುರನ್ನೇ ಹೀರಿ ಮುರುಟಿಸುತ್ತಿತ್ತು. 3 ಕೋಟಿ ಟನ್ ಇದ್ದ ಬೆಳೆ 2010ರಲ್ಲಿ 2 ಕೋಟಿ 20 ಲಕ್ಷಕ್ಕೆ ಇಳಿಯಿತು. ಇದೇ ಕೀಟ 1970ರ ದಶಕದಲ್ಲಿ ಆಫ್ರಿಕಾವನ್ನು ಕಾಡಿತ್ತು. ಅಲ್ಲಿ ಹಾನ್ಸ್ ಹೆರೆನ್ ಎಂಬ ಸ್ವಿಸ್ ವಿಜ್ಞಾನಿ ದಕ್ಷಿಣ ಅಮೆರಿಕದಿಂದ ಪುಟ್ಟ ಕಣಜವೊಂದನ್ನು ತಂದು ಬಿಟ್ಟು ಅದನ್ನು ಹತೋಟಿಗೆ ತಂದಿದ್ದರು. ಅದಕ್ಕಾಗಿ 1995ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. 2009ರಲ್ಲಿ ಥಾಯ್ಲೆಂಡ್ ಅದೇ ಕಣಜವನ್ನು ಬೆನಿನ್ ದೇಶದಿಂದ ತರಿಸಿತು, ಕೇವಲ 500. ಅವನ್ನೇ ಸಾಕಿ ಸಂಖ್ಯೆ ಹೆಚ್ಚಿಸಿ, ಮರುವರ್ಷದಿಂದ ಹೊಲಗಳಿಗೆ ಬಿಟ್ಟರು. ಕಣಜ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ಅದನ್ನು ತಿನ್ನುತ್ತದೆ. ಔಷಧಿ ಹೊಡೆದು ಸೋತಿದ್ದ ಕಡೆ ಅದು ಗೆದ್ದಿತು.

ಎಲೆ ಮೇಲೆ ಹಳದಿ ಮಚ್ಚೆ ತರುವ ಮೊಸಾಯಿಕ್ ರೋಗ ಅಷ್ಟು ಸುಲಭಕ್ಕೆ ಬಗ್ಗುತ್ತಿಲ್ಲ. ಶ್ರೀಲಂಕಾದ ಹೆಸರು ಹೊತ್ತ ಈ ವೈರಸ್ ನಮ್ಮ ಕೇರಳ, ತಮಿಳುನಾಡಿನ ಗೆಣಸಿಗೂ ಹಳೆಯ ಪೀಡೆ. 2015ರಲ್ಲಿ ಕಾಂಬೋಡಿಯಾದಲ್ಲಿ, 2017ರಲ್ಲಿ ವಿಯೆಟ್ನಾಂನಲ್ಲಿ, 2018ರಲ್ಲಿ ಥಾಯ್ಲೆಂಡಿನಲ್ಲಿ ಪತ್ತೆಯಾಯಿತು. ಬಿಳಿನೊಣ ಹರಡುತ್ತದೆ. ಅದಕ್ಕಿಂತ ದೂರ ಒಯ್ಯುವುದು ನೆಡುವ ಕಡ್ಡಿ. ಒಳ್ಳೆ ತಳಿಯನ್ನು ರೈತನಿಂದ ರೈತನಿಗೆ ತಲುಪಿಸಿದ ಅದೇ ದಾರಿ ಈಗ ರೋಗವನ್ನೂ ತಲುಪಿಸುತ್ತಿದೆ.

ಮಾತು ಮುಗಿದ ಮೇಲೆ ಒಬ್ಬ ರೈತರು ಕೇಳಿದರು: ನಮ್ಮ ದೇಶದಲ್ಲಿ ಹೆಕ್ಟೇರಿಗೆ ಇಳುವರಿ ಥಾಯ್ಲೆಂಡಿಗಿಂತ ಜಾಸ್ತಿ ಅಂತಾರಲ್ಲ, ನಾವು ಯಾಕೆ ರಫ್ತು ಮಾಡುವುದಿಲ್ಲ?

ಇಳುವರಿಯ ಮಾತು ನಿಜ. ಥಾಯ್ಲೆಂಡಿನ ಸರಾಸರಿ ಹೆಕ್ಟೇರಿಗೆ 20 ಟನ್ ದಾಟಿ ಸ್ವಲ್ಪ, ನಮ್ಮದು 30 ದಾಟುತ್ತದೆ, ಮುಖ್ಯವಾಗಿ ತಮಿಳುನಾಡಿನಲ್ಲಿ ನೀರು ಕಟ್ಟಿ ಬೆಳೆಯುವುದರಿಂದ. ಆದರೆ ನೀರಿನ ಖರ್ಚೂ ಬಿತ್ತು ತಾನೇ? ಅಲ್ಲದೆ ನಮ್ಮ ಗೆಣಸಿಗೆ ಮನೆಯೊಳಗೇ ಗಿರಾಕಿ ಇದ್ದಾರೆ. ಕೇರಳದಲ್ಲಿ ಬೇಯಿಸಿ ತಿನ್ನುತ್ತಾರೆ. ಸೇಲಂ ಸುತ್ತ ಅದರ ಸ್ಟಾರ್ಚ್‌ನಿಂದ ಸಬ್ಬಕ್ಕಿ ಮಾಡುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಮಲಯ ಕಡೆಯಿಂದ ಬರುವ ಸಬ್ಬಕ್ಕಿ ನಿಂತಾಗ 1943ರ ಆಸುಪಾಸಿನಲ್ಲಿ ಅಲ್ಲಿ ಆ ಉದ್ಯಮ ಹುಟ್ಟಿತು. 1981ರಲ್ಲಿ ಸಾಗೋಸರ್ವ್ ಎಂಬ ಸಹಕಾರ ಸಂಘವೂ ಆಯಿತು. ನಮ್ಮ ಪಾಯಸ, ಸಂಡಿಗೆ, ಮಹಾರಾಷ್ಟ್ರದ ಉಪವಾಸದ ಖಿಚಡಿ ಎಲ್ಲ ಸೇರಿ ಆ ಮಾಲನ್ನು ಇಲ್ಲೇ ಖಾಲಿ ಮಾಡುತ್ತವೆ. ಸೇಲಂನಲ್ಲೂ ಬೆಲೆ ಬೀಳುತ್ತದೆ, ಆದರೆ ಕೊಳ್ಳುವವರು ಒಂದೇ ಸಲಕ್ಕೆ ಮಾಯವಾಗುವುದಿಲ್ಲ. ಕಾಗದ, ಬಟ್ಟೆ ಕಾರ್ಖಾನೆಗಳಿಗೆ ಬೇಕಾದ ಸ್ಟಾರ್ಚ್ ನಮ್ಮಲ್ಲಿ ಹೆಚ್ಚಾಗಿ ಮೆಕ್ಕೆಜೋಳದಿಂದ ಬರುತ್ತದೆ. ದಾವಣಗೆರೆ, ಹಾವೇರಿಯ ಜೋಳದವರ ಜೊತೆಗೇ ಮರಗೆಣಸು ಪೈಪೋಟಿ ಮಾಡಬೇಕು.

ಮಲೆನಾಡಿನಲ್ಲಿ ಹಾಕಬಹುದಾ ಎಂದು ಅವರೇ ಮತ್ತೆ ಕೇಳಿದರು. ಹಾಕಬಹುದು, ಈಗಲೂ ಅಲ್ಲಲ್ಲಿ ಬೆಳೆಯುತ್ತಾರೆ, ಹಂದಿ ಕಾಟವೊಂದು ಬಿಟ್ಟರೆ ಗಿಡಕ್ಕೆ ಅಂಥ ತೊಂದರೆಯಿಲ್ಲ. ನಾನು ಕೇಳಿದ್ದು ಒಂದೇ: ಕಿತ್ತ ಮರುದಿನದೊಳಗೆ ಗೆಡ್ಡೆ ತಲುಪುವಷ್ಟು ಹತ್ತಿರದಲ್ಲಿ ಕೊಳ್ಳುವವರು ಯಾರಿದ್ದಾರೆ? ಕಾರ್ಖಾನೆ ಇಲ್ಲದಿದ್ದರೆ ಸಂತೆಗೆ, ಮನೆಗೆ ಆಗುವಷ್ಟು ನೆಡಿ. ಕಡ್ಡಿ ತರುವಾಗ ಮೊದಲು ಎಲೆ ನೋಡಿ. ಹಳದಿ ಮಚ್ಚೆ, ಸುರುಟು ಇದ್ದರೆ ಬೇಡ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರು ಶ್ರೀ ರಕ್ಷಾ ಎಂಬ ಮೊಸಾಯಿಕ್ ತಡೆಯುವ ತಳಿ ಬಿಟ್ಟಿದ್ದಾರೆ, ಕಡ್ಡಿಗೆ ಅವರನ್ನೇ ವಿಚಾರಿಸಿ.